ಕಲ್ಲಿನ ಕೈ, ಲೋಹದ ಕೈ, ತೊಗಲಿನ ಕೈ: ಬಳ್ಳಾರಿ ಸೀಮೆಯ ಕಲಾರೂಪಗಳಲ್ಲಿ ಭಾವಾಭಿವ್ಯಕ್ತಿಯ ಒಂದು ನೆಲೆ

ಭಾರತೀಯ ಕಲಾಮೀಮಾಂಸೆಯಲ್ಲಿ ಕೈಯ ಬಗೆಗಿನ ಚರ್ಚೆ ಬಹುಪಾಲು ನಾಟ್ಯಶಾಸ್ತ್ರದ ಹಸ್ತಪ್ರಕರಣದಿಂದ ಆರಂಭವಾಗಿ ಅಲ್ಲಿಯೇ ನಿಲ್ಲುತ್ತದೆ. ಭರತನು ಹೇಳುವ 24 ಅಸಂಯುತ ಹಸ್ತಗಳು, 13 ಸಂಯುತ ಹಸ್ತಗಳು ಹಾಗೂ ನೃತ್ತಹಸ್ತಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ದೇವಾಲಯದ ಶಿಲ್ಪವನ್ನು, ಭಿತ್ತಿಚಿತ್ರವನ್ನು, ನರ್ತನವನ್ನು ಓದುವ ಕ್ರಮ ನಮ್ಮಲ್ಲಿ ರೂಢಮೂಲವಾಗಿದೆ. ಈ ಕ್ರಮದಿಂದ ಆಗಿರುವ ಪ್ರಯೋಜನ ದೊಡ್ಡದು, ಅದರಲ್ಲಿ ಸಂದೇಹವಿಲ್ಲ. ಆದರೆ ಅದು ತರಬೇತಿ ಪಡೆದ ನರ್ತಕನನ್ನೂ ಅಷ್ಟೇ ತರಬೇತಿ ಪಡೆದ ಪ್ರೇಕ್ಷಕನನ್ನೂ ಮೊದಲೇ ಗ್ರಹಿಸಿಕೊಂಡಿರುತ್ತದೆ. ಅಲ್ಲಿ ಕೈ ಅರ್ಥವನ್ನು ಸೂಚಿಸಿದರೆ ಭಾವವನ್ನು ಹೊರುವುದು ಕಣ್ಣು ಮತ್ತು ಮುಖ. ಮುಖವೇ ಇಲ್ಲದ, ಇದ್ದರೂ ಬದಲಾಗದ ಕಲಾರೂಪದಲ್ಲಿ ಭಾವ ಎಲ್ಲಿ ನೆಲೆಸುತ್ತದೆ ಎಂಬ ಪ್ರಶ್ನೆಗೆ ಆ ಪಟ್ಟಿಯಲ್ಲಿ ಉತ್ತರ ದೊರೆಯುವುದಿಲ್ಲ.

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಪರಿಸರದ ಜನಪದ ಕಲಾರೂಪಗಳು ಈ ಪ್ರಶ್ನೆಯನ್ನು ತೀರ ಸ್ಪಷ್ಟವಾಗಿ ಮುಂದಿಡುತ್ತವೆ. ಊರ ಹೊರಗಿನ ಮಾಸ್ತಿಕಲ್ಲಿನಲ್ಲಿ ಕಂಬದಿಂದ ಚಾಚಿದ ಒಂಟಿ ತೋಳು. ಮೊಹರಮ್ಮಿನ ದಿನಗಳಲ್ಲಿ ಕೋಲಿನ ತುದಿಯಲ್ಲಿ ನಿಲ್ಲುವ ಲೋಹದ ಪಂಜ. ತೊಗಲು ಗೊಂಬೆಯಾಟದ ಪರದೆಯ ಮೇಲೆ ಬಿದಿರ ಕಡ್ಡಿಯಿಂದ ಆಡುವ ಚರ್ಮದ ಕೈ. ಮೊದಲೆರಡರಲ್ಲಿ ಕಣ್ಣು ನಿಲ್ಲುವ ಕಡೆ ಮುಖವಿಲ್ಲ. ಮೂರನೆಯದರಲ್ಲಿ ಮುಖವಿದೆ, ಆದರೆ ಅದು ಒಮ್ಮೆ ಕತ್ತರಿಸಿದ ಮೇಲೆ ಅಳಲಾರದು, ನಗಲಾರದು. ಮೂರರಲ್ಲಿಯೂ ನೋಡುವವರ ಮನಸ್ಸು ಕೈಯ ಮೇಲೆ ನೆಲೆಗೊಳ್ಳುತ್ತದೆ. ಇನ್ನೊಂದು ಸಮಾನ ಅಂಶವೂ ಇದೆ: ಮೂರೂ ಕೈಗಳು ಬೇರೆ ಯಾರೋ ಎತ್ತಿದ ಕೈಗಳು. ಆದ್ದರಿಂದ ಆ ಕೈಯಲ್ಲಿ ಕಾಣುವ ಭಾವ ಯಾರದು ಎಂಬುದನ್ನು ಪ್ರತಿ ಸಂದರ್ಭದಲ್ಲಿಯೂ ಕೇಳಬೇಕಾಗುತ್ತದೆ.

ಕನ್ನಡ ನುಡಿಯೇ ಈ ವಿಷಯದಲ್ಲಿ ಒಂದು ಆಕರ. ಕೈ ಹಿಡಿಯುವುದು ಮದುವೆ, ಕೈ ಬಿಡುವುದು ಪರಿತ್ಯಾಗ, ಕೈ ಕೊಡುವುದು ವಂಚನೆ, ಕೈ ಮುಗಿಯುವುದು ಭಕ್ತಿಯೂ ಹೌದು, ಇನ್ನು ಸಾಕೆಂಬ ಬೇಸರವೂ ಹೌದು. ಎದೆ ಬಡಿದುಕೊಳ್ಳುವುದು, ಹಣೆ ಚಚ್ಚಿಕೊಳ್ಳುವುದು, ಬೆರಳು ಕಚ್ಚಿಕೊಳ್ಳುವುದು, ಸೆರಗೊಡ್ಡಿ ಬೇಡುವುದು ಇವೆಲ್ಲ ಮಾತಾಗುವ ಮೊದಲು ಅಭಿನಯಗಳೇ. ಮಗುವಿನ ಕೆನ್ನೆ ಸವರಿ ತನ್ನ ನೆತ್ತಿಗೆ ಬೆರಳೊತ್ತಿ ಲಟಿಕೆ ಮುರಿಯುವ ಅಜ್ಜಿಯೂ, ಜಗಳದಲ್ಲಿ ಎದುರಾಳಿಯ ಮೇಲೆ ಲಟಿಕೆ ಮುರಿದು ಶಪಿಸುವ ಹೆಂಗಸೂ ಒಂದೇ ಕ್ರಿಯೆಯನ್ನು ಮಾಡುತ್ತಾರೆ. ಒಂದರಲ್ಲಿ ಮಮತೆ, ಇನ್ನೊಂದರಲ್ಲಿ ಕ್ರೋಧ. ಜನಪದರ ಕೈಭಾಷೆಯಲ್ಲಿ ಮುದ್ರೆಗೊಂದು ಅರ್ಥವೆಂಬ ಕಟ್ಟುಪಾಡಿಲ್ಲ, ಸಂದರ್ಭವೇ ಅರ್ಥವನ್ನು ತೀರ್ಮಾನಿಸುತ್ತದೆ ಎಂಬುದಕ್ಕೆ ಇಷ್ಟು ಸಾಕು.

ಈ ಸೀಮೆಯ ಕಲೆಯಲ್ಲಿ ಕೈಯ ಇತಿಹಾಸ ಬಹು ಹಿಂದಕ್ಕೆ ಹೋಗುತ್ತದೆ. ಬಳ್ಳಾರಿ ನಗರಕ್ಕೆ ಸಮೀಪದ ಸಂಗನಕಲ್ಲು–ಕಪ್ಪಗಲ್ಲು ಬೆಟ್ಟದ ಕಪ್ಪು ಶಿಲಾಪಟ್ಟಿಯ ಮೇಲೆ ನವಶಿಲಾಯುಗದ ಜನ ಕುಟ್ಟಿ ಮೂಡಿಸಿದ ಚಿತ್ರಗಳನ್ನು ಫಾಸೆಟ್ 1892ರಲ್ಲಿಯೇ ವಿದ್ವತ್ ಲೋಕದ ಗಮನಕ್ಕೆ ತಂದನು. ಗಾರ್ಡನ್ 1951ರಲ್ಲಿ, ನಿಕೋಲ್ ಬೋಯಿವಿನ್ 2004ರಲ್ಲಿ ಅವುಗಳನ್ನು ಮತ್ತೆ ಚರ್ಚಿಸಿದರು. ಅಲ್ಲಿ ಗೂಳಿಗಳದೇ ಪ್ರಾಬಲ್ಯ. ಮನುಷ್ಯಾಕೃತಿಗಳು ಬಂದಾಗ ಅವು ಕೇವಲ ಗೆರೆಗಳು; ತಲೆ ಒಂದು ಬೊಟ್ಟು, ಮುಖವಿಲ್ಲ. ಆ ಆಕೃತಿ ಕುಣಿಯುತ್ತಿದೆಯೋ ಬೇಟೆಯಾಡುತ್ತಿದೆಯೋ ಸುಮ್ಮನೆ ನಿಂತಿದೆಯೋ ಎಂಬುದನ್ನು ತೋಳಿನ ಗೆರೆಯೊಂದರಿಂದಲೇ ತಿಳಿಯಬೇಕು. ಇದೇ ಬೆಟ್ಟದಲ್ಲಿ ಬಡಿದರೆ ಗಂಟೆಯಂತೆ ನಾದ ಹೊಮ್ಮುವ ಕಲ್ಲುಗಳಿದ್ದು, ಅವುಗಳ ಮೇಲೆ ಬಡಿದು ಬಡಿದು ಉಂಟಾದ ಗುಳಿಗಳಿವೆ. ಚಿತ್ರಿಸಿದ ಕೈ ಒಂದು ಕಡೆ, ಬಡಿದ ಕೈಯ ಗುರುತು ಇನ್ನೊಂದು ಕಡೆ. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ 1963–64ರಲ್ಲಿ ಎಂ.ಎಸ್. ನಾಗರಾಜರಾವ್ ಮತ್ತು ಕೆ.ಸಿ. ಮಲ್ಹೋತ್ರಾ ನಡೆಸಿದ ಉತ್ಖನನ ಇಂತಹ ಬೆಟ್ಟವಾಸಿಗಳ ಬದುಕನ್ನು ಬೆಳಕಿಗೆ ತಂದಿತು. ಆದರೆ ಈ ಚಿತ್ರಗಳ ಭಾವವನ್ನು ಕುರಿತು ಹೆಚ್ಚು ಹೇಳುವುದು ಊಹೆಯಾಗುತ್ತದೆ. ಮುಖವಿಲ್ಲದ ಕೈಯ ಚಿತ್ರಣ ಈ ನೆಲಕ್ಕೆ ಹೊಸದಲ್ಲ ಎಂಬಷ್ಟಕ್ಕೆ ಇಲ್ಲಿ ಅದರ ಪ್ರಸ್ತಾಪ.

ಮಾಸ್ತಿಕಲ್ಲಿನ ವಿಷಯ ಹಾಗಲ್ಲ. ಅದಕ್ಕೆ ಶಾಸನಗಳ ಬೆಂಬಲವಿದೆ, ಪ್ರವಾಸಿಗರ ಹೇಳಿಕೆಗಳಿವೆ, ಇಂದಿಗೂ ಉಳಿದಿರುವ ಪೂಜೆಯಿದೆ. ಗಂಡನ ಚಿತೆಯೇರಿದ ಅಥವಾ ಅವನ ಮರಣದ ನಂತರ ಪ್ರಾಣ ಬಿಟ್ಟ ಹೆಣ್ಣಿನ ನೆನಪಿಗೆ ನಿಲ್ಲಿಸಿದ ಕಲ್ಲು ಮಹಾಸತಿಕಲ್ಲು, ಜನರ ಬಾಯಲ್ಲಿ ಮಾಸ್ತಿಕಲ್ಲು. ಕರ್ನಾಟಕದಲ್ಲಿ ಇದರ ವಿಶಿಷ್ಟ ರೂಪವೆಂದರೆ ಕಂಬವೊಂದರಿಂದ ಹೊರಚಾಚಿ ಮೊಣಕೈಯಲ್ಲಿ ಮೇಲಕ್ಕೆ ಬಾಗಿದ ತೋಳು. ಅಂಗೈ ನೋಡುವವರ ಕಡೆಗೆ, ಬೆರಳುಗಳು ನೇರ ಮೇಲಕ್ಕೆ, ಮುಂಗೈಯಲ್ಲಿ ಬಳೆಗಳ ಸಾಲು, ಹಲವೆಡೆ ಹೆಬ್ಬೆರಳ ಸಂದಿನಲ್ಲಿ ನಿಂಬೆಹಣ್ಣು. ಒಂದೇ ತೋಳಿದ್ದರೆ ಒಕ್ಕೈ ಮಾಸ್ತಿ, ಎರಡಿದ್ದರೆ ಇಕ್ಕೈ ಮಾಸ್ತಿ ಎಂದು ವಿದ್ವಾಂಸರು ಕರೆಯುತ್ತಾರೆ. ಎಂ. ಚಿದಾನಂದಮೂರ್ತಿಯವರು ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನದಲ್ಲಿ, 1982ರಲ್ಲಿ ಎಸ್. ಶೆಟ್ಟರ್ ಮತ್ತು ಗುಂಥರ್ ಸೊಂಥೈಮರ್ ಸಂಪಾದಿಸಿದ ಸ್ಮಾರಕಶಿಲೆಗಳ ಸಂಪುಟದ ಲೇಖಕರು ಈ ಬಗೆಯ ಕಲ್ಲುಗಳ ವಿವೇಚನೆಗೆ ಭದ್ರವಾದ ತಳಹದಿ ಹಾಕಿದ್ದಾರೆ. ಹಂಪೆಯ ಪರಿಸರದಲ್ಲಿ, ತುಂಗಭದ್ರೆಯ ಇಕ್ಕೆಲಗಳಲ್ಲಿ ಇಂತಹ ಕಲ್ಲುಗಳು ಕಾಣಸಿಗುತ್ತವೆ.

ಈ ಕೈಯನ್ನು ಸಾಮಾನ್ಯವಾಗಿ ಅಭಯಹಸ್ತವೆಂದು ವಿವರಿಸಲಾಗುತ್ತದೆ. ರೂಪದಲ್ಲಿ ಅದು ನಿಜ. ಮಾಸ್ತಮ್ಮನೆಂದು ಅರಿಸಿನ ಕುಂಕುಮವಿಟ್ಟು ಪೂಜಿಸುವ ಹೆಂಗಸರಿಗೂ ಅದು ಹರಸುವ ಕೈಯೇ. ಆದರೆ ಕಲಾಕೃತಿಯ ಭಾವವನ್ನು ಗ್ರಹಿಸಬೇಕಾದರೆ ಅಲ್ಲಿ ಇರುವುದರಷ್ಟೇ ಇಲ್ಲದಿರುವುದನ್ನೂ ನೋಡಬೇಕು. ಗಂಡ ಸತ್ತ ಹೆಣ್ಣಿನ ಕೈ ಜನಜೀವನದಲ್ಲಿ ಮಾಡುವುದೇನು? ಎದೆ ಬಡಿದುಕೊಳ್ಳುತ್ತದೆ, ನೆಲ ಬಡಿಯುತ್ತದೆ, ಹೆಣದ ಮೇಲೆ ಬೀಳುತ್ತದೆ. ಕೊನೆಗೆ ಬಳೆ ಒಡೆಸಿಕೊಂಡು ಬರಿದಾಗುತ್ತದೆ. ಶೋಕದ ಈ ಯಾವ ಚಲನೆಯೂ ಮಾಸ್ತಿಯ ಕೈಯಲ್ಲಿಲ್ಲ. ಅಲ್ಲಿನ ಬೆರಳುಗಳು ನಡುಗುವುದಿಲ್ಲ, ಬಳೆಗಳು ಒಡೆದಿಲ್ಲ. ಒಡೆಯದ ಬಳೆಯೇ ಆ ಶಿಲ್ಪದ ಹೇಳಿಕೆ: ಇವಳು ವಿಧವೆಯಾಗಲಿಲ್ಲ, ಮುತ್ತೈದೆಯಾಗಿಯೇ ಹೋದಳು. ಅಂದರೆ ಶಿಲ್ಪಿ ತೋರಿಸಿರುವುದು ಹೆಣ್ಣಿನ ಭಾವವನ್ನಲ್ಲ. ಕಲ್ಲು ನಿಲ್ಲಿಸಿದ ಕುಲ ಮತ್ತು ಊರು ಅವಳಲ್ಲಿ ಕಾಣಬಯಸಿದ ಭಾವವನ್ನು.

ಇದು ಕೇವಲ ಆಧುನಿಕ ದೃಷ್ಟಿಯ ಆರೋಪವಲ್ಲ ಎಂಬುದಕ್ಕೆ ಶಾಸನವೇ ಸಾಕ್ಷಿ. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನ 1057ರ ಶಾಸನ ದೇಕಬ್ಬೆಯೆಂಬವಳ ಸಹಗಮನವನ್ನು ವಿಸ್ತಾರವಾಗಿ ವರ್ಣಿಸುತ್ತದೆ. ಅವಳನ್ನು ತಡೆಯಲು ಬಂಧುಗಳು ಪಟ್ಟ ಪಾಡೂ ಅವರ ಮಾತನ್ನು ಅವಳು ಒಪ್ಪದೆ ಹೋದದ್ದೂ ಅಲ್ಲಿ ದಾಖಲಾಗಿವೆ. ಅಕ್ಷರದಲ್ಲಿ ತಡೆಯುವ ಕೈಗಳಿಗೆ ಸ್ಥಳವಿತ್ತು. ಕಲ್ಲಿನ ತೋಳಿನಲ್ಲಿ ಆ ಸ್ಥಳವಿಲ್ಲ. ಬಳ್ಳಾರಿ ಸೀಮೆಗೆ ಇನ್ನೂ ಹತ್ತಿರದ ಸಾಕ್ಷ್ಯವೆಂದರೆ 1530ರ ದಶಕದಲ್ಲಿ ವಿಜಯನಗರದ ವೃತ್ತಾಂತ ಬರೆದ ಪೋರ್ಚುಗೀಸ್ ವರ್ತಕ ನೂನಿಜನದು. ಚಿತೆಯೆಡೆಗೆ ಸಾಗುವ ಹೆಣ್ಣು ಒಂದು ಕೈಯಲ್ಲಿ ಕನ್ನಡಿಯನ್ನೂ ಇನ್ನೊಂದರಲ್ಲಿ ಹೂವಿನ ಕೊಂಬೆಯನ್ನೂ ಹಿಡಿದು ವಾದ್ಯಗಳೊಡನೆ ನಡೆಯುವುದನ್ನು ಅವನು ಹೇಳುತ್ತಾನೆ. ಕನ್ನಡಿ ಮುತ್ತೈದೆಯ ಮಂಗಳದ್ರವ್ಯ. ಎರಡೂ ಕೈಗಳಿಗೆ ವಸ್ತುಗಳನ್ನು ಕೊಟ್ಟ ಮೇಲೆ ಎದೆ ಬಡಿದುಕೊಳ್ಳಲು ಕೈ ಉಳಿಯುವುದಿಲ್ಲ. ಆಚರಣೆಯೇ ಆ ಹೆಣ್ಣಿನ ಕೈಗಳನ್ನು ಮೊದಲು ಶಿಲ್ಪವಾಗಿಸುತ್ತದೆ, ಕಲ್ಲುಕುಟಿಗ ಅನಂತರ ಬರುತ್ತಾನೆ. 1800ರಲ್ಲಿ ನಿಜಾಮನಿಂದ ಕಂಪನಿ ಸರ್ಕಾರಕ್ಕೆ ಬಂದ ಬಳ್ಳಾರಿ ಮದರಾಸು ಆಧಿಪತ್ಯಕ್ಕೆ ಸೇರಿತ್ತು. 1830ರಲ್ಲಿ ಆ ಆಧಿಪತ್ಯದಲ್ಲಿ ಸಹಗಮನ ಕಾಯಿದೆಬಾಹಿರವಾಯಿತು. ಕಲ್ಲುಗಳು ಮಾತ್ರ ಉಳಿದು, ಬಾಣಂತಿಯರೂ ಬಂಜೆಯರೂ ಹರಕೆ ಹೊರುವ ತಾಯಿದೇವತೆಗಳಾದವು. ಮೊದಲ ಅರ್ಥ ಮರೆತುಹೋಗಿ ಹರಸುವ ಕೈಯೊಂದೇ ಉಳಿದದ್ದು ಜನಪದ ಮನಸ್ಸಿನ ಔದಾರ್ಯವೋ, ಮರೆವೋ ಎಂದು ನಿರ್ಣಯಿಸುವುದು ಕಷ್ಟ.

ಮಾಸ್ತಿಯ ಕೈಯಲ್ಲಿ ಅಡಗಿದ ಶೋಕ ಇದೇ ಊರುಗಳ ಇನ್ನೊಂದು ಕೈಯಲ್ಲಿ ಬಹಿರಂಗವಾಗಿ ಮೆರವಣಿಗೆ ಹೊರಡುತ್ತದೆ. ಮೊಹರಂ ತಿಂಗಳ ಚಂದ್ರದರ್ಶನವಾದ ಕೂಡಲೇ ವರ್ಷವಿಡೀ ಪೆಟ್ಟಿಗೆಯಲ್ಲಿದ್ದ ಪಂಜಗಳನ್ನು ಹೊರತೆಗೆದು, ತೊಳೆದು, ಬಣ್ಣದ ಬಟ್ಟೆ ಹೂಮಾಲೆಗಳಿಂದ ಸಿಂಗರಿಸಿ ಕೂರಿಸುವುದು ಬಳ್ಳಾರಿ, ರಾಯಚೂರು, ಕೊಪ್ಪಳ ಭಾಗದ ಹಳ್ಳಿಗಳಲ್ಲಿ ಸಾಮಾನ್ಯ ದೃಶ್ಯ. ಜನ ಇವುಗಳನ್ನು ಅಲಾಯಿ ದೇವರು, ಪೀರಲ ದೇವರು ಎನ್ನುತ್ತಾರೆ. ಎಲ್ಲ ಪಂಜಗಳೂ ಕೈಯಾಕಾರದವಲ್ಲ, ಎಲೆಯಾಕಾರದವೂ ಇವೆ. ಆದರೆ ಪಂಜವೆಂಬ ಪಾರಸಿ ಪದವೇ ಐದನ್ನು, ಐದು ಬೆರಳ ಹಸ್ತವನ್ನು ಸೂಚಿಸುತ್ತದೆ. ಪ್ರವಾದಿ ಮುಹಮ್ಮದ್, ಅಲಿ, ಫಾತಿಮಾ, ಹಸನ್, ಹುಸೇನ್ ಈ ಐವರ ಸಂಕೇತ ಅದು. 680ರಲ್ಲಿ ಕರ್ಬಲಾದಲ್ಲಿ ನೀರಡಿಸಿದ ಮಕ್ಕಳಿಗಾಗಿ ಯೂಫ್ರೆಟಿಸ್ ನದಿಯಿಂದ ನೀರು ತರಲು ಹೋಗಿ ಎರಡೂ ಕೈ ಕಡಿಸಿಕೊಂಡ ಅಬ್ಬಾಸನ ಕಥೆಯೊಂದಿಗೂ ಈ ಹಸ್ತ ಹೆಣೆದುಕೊಂಡಿದೆ.

ದಖ್ಖನಿನಲ್ಲಿ ಈ ಕಲೆಗೆ ರಾಜಾಶ್ರಯವಿತ್ತು. ಹೈದರಾಬಾದಿನಲ್ಲಿ ಮುಹಮ್ಮದ್ ಕುಲಿ ಕುತುಬ್ ಶಾಹನ ಕಾಲದಲ್ಲಿ, 1590ರ ದಶಕದಲ್ಲಿ, ಕಟ್ಟಿದ ಬಾದಶಾಹಿ ಅಶೂರಖಾನೆ ಇದಕ್ಕೆ ಪ್ರಸಿದ್ಧ ನಿದರ್ಶನ. 1565ರ ಯುದ್ಧದ ಬಳಿಕ ಸಿರುಗುಪ್ಪದ ನೆರೆಯ ಆದವಾನಿ ಬಿಜಾಪುರದ ಆದಿಲಶಾಹಿಗಳ ವಶಕ್ಕೆ ಬಂದಿತು. ಅರಮನೆಯಲ್ಲಿ ಬೆಳೆದ ಪಂಜ ಹಳ್ಳಿಗೆ ಬಂದು ಹಳ್ಳಿಯದೇ ಆಯಿತು. ಮುಸ್ಲಿಮರ ಮನೆಗಳಿಲ್ಲದ ಊರುಗಳಲ್ಲಿಯೂ ಅಲಾಯಿ ಕೂರುವುದುಂಟು. ಹಿಂದೂ ಮನೆತನದವರು ದೇವರು ಹೊರುವುದು, ಫಕೀರರಾಗುವ ಹರಕೆ ತೀರಿಸುವುದು, ಸಕ್ಕರೆ ಊದಿಸುವುದು, ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವುದು ಇವೆಲ್ಲ ಅಧ್ಯಯನಕಾರರಿಗೆ ಪರಿಚಿತ ಸಂಗತಿಗಳು. ರಿವಾಯತ ಪದಗಳಲ್ಲಿ ಹಸನ್ ಹುಸೇನರು ಕನ್ನಡದ ಕೂಸುಗಳಾಗಿ, ಫಾತಿಮಾ ಕನ್ನಡದ ತಾಯಿಯಾಗಿ ಅಳುತ್ತಾಳೆ.

ಕಲಾರೂಪವಾಗಿ ನೋಡಿದರೆ ಮಾಸ್ತಿಯ ಕೈಗೂ ಪಂಜಕ್ಕೂ ಇರುವ ಹೋಲಿಕೆ ಕಣ್ಣಿಗೆ ಹೊಡೆಯುವಂತಿದೆ. ಎರಡೂ ದೇಹದಿಂದ ಬೇರ್ಪಟ್ಟ ಹಸ್ತ, ಎರಡೂ ಕಂಬ ಅಥವಾ ಕೋಲಿನ ಮೇಲೆ, ಎರಡರಲ್ಲೂ ಬೆರಳು ಮೇಲಕ್ಕೆ, ಎರಡೂ ಅಕಾಲ ಮರಣದ ಸ್ಮರಣೆ. ಒಂದರಿಂದ ಇನ್ನೊಂದು ಹುಟ್ಟಿತೆಂದು ಹೇಳಲು ಆಧಾರವಿಲ್ಲ, ಹಾಗೆ ಹೇಳುವ ಅಗತ್ಯವೂ ಇಲ್ಲ. ಮುಖ್ಯವಾದದ್ದು ವ್ಯತ್ಯಾಸ. ಪಂಜದ ಲೋಹವೂ ಮಾಸ್ತಿಯ ಕಲ್ಲಿನಷ್ಟೇ ನಿಶ್ಚಲ. ಆದರೆ ಅದರ ಕೆಳಗೆ ಕೋಲು ಹಿಡಿದವನ ಜೀವಂತ ಕೈಗಳಿವೆ, ಸುತ್ತಲೂ ಎದೆಗೆ ಬೀಳುವ ಕೈಗಳಿವೆ. ದೇವರು ತುಂಬಿದಾಗ ಕೋಲು ವಾಲುತ್ತದೆ, ಓಡುತ್ತದೆ, ಇನ್ನೊಂದು ಪಂಜವನ್ನು ಕಂಡು ಮುಂದೆ ಬಾಗಿ ಹಸ್ತಕ್ಕೆ ಹಸ್ತ ತಾಗಿಸುತ್ತದೆ. ಅಣ್ಣತಮ್ಮಂದಿರು ಭೇಟಿಯಾದರು ಎಂದು ಜನ ಕಣ್ಣೀರಿಡುವುದು ಆ ಗಳಿಗೆಯಲ್ಲಿ. ನಿಶ್ಚಲ ಹಸ್ತಕ್ಕೆ ಭಾವ ಬರುವುದು ಅದನ್ನು ಹೊತ್ತ ಕೈಯಿಂದ. ಮಾಸ್ತಿಯ ಕಲ್ಲಿಗೆ ಆ ಭಾಗ್ಯವಿಲ್ಲ. ಅದನ್ನು ನೆಟ್ಟವರು ನೆಟ್ಟು ಹೋದರು.

ಹೊತ್ತ ಕೈಯಿಂದ ನಿರ್ಜೀವ ಕೈಗೆ ಭಾವ ಹರಿಯುವ ಈ ತತ್ತ್ವ ಅತ್ಯಂತ ಸೂಕ್ಷ್ಮವಾಗಿ ಬೆಳೆದಿರುವುದು ತೊಗಲು ಗೊಂಬೆಯಾಟದಲ್ಲಿ. ಕಿಳ್ಳೇಕ್ಯಾತ ಅಥವಾ ಶಿಳ್ಳೇಕ್ಯಾತ ಸಮುದಾಯ ಇದರ ಪರಂಪರಾಗತ ವಾರಸುದಾರ. ಮನೆಯಲ್ಲಿ ಮರಾಠಿಯ ಒಂದು ಪ್ರಭೇದ, ಪರದೆಯ ಹಿಂದೆ ಕನ್ನಡ. ಬಳ್ಳಾರಿಯಂತಹ ಗಡಿಸೀಮೆಯಲ್ಲಿ ತೆಲುಗೂ ಸೇರುತ್ತದೆ. ಸಮುದಾಯದ ಇನ್ನೊಂದು ಕಸುಬು ಮೀನು ಹಿಡಿಯುವುದು. ಸಿರುಗುಪ್ಪದ ಬಯಲಿಗೆ ತುಂಗಭದ್ರೆಯೂ ಹಗರಿಯೂ ಇರುವುದರಿಂದ ಹೊಳೆಯೂ ಹೊಲವೂ ಎರಡೂ ಇವರಿಗೆ ಆಸರೆಯಾದವು. ಸುಗ್ಗಿಯಲ್ಲಿ ಆಟ, ಮಳೆ ಹೋದಾಗ ಮಳೆಗಾಗಿ ಆಟ. ಗೊಂಬೆಯಾಡಿಸಿದರೆ ಮಳೆ ಬರುತ್ತದೆಂಬ ನಂಬಿಕೆ ಕರ್ನಾಟಕದ ಬಹುಭಾಗದಲ್ಲಿದೆ. ಎಂ.ಎಸ್. ನಂಜುಂಡರಾವ್ ಅವರು ಕರ್ನಾಟಕ ಚಿತ್ರಕಲಾ ಪರಿಷತ್ತಿಗಾಗಿ ನಡೆಸಿದ ಸಂಗ್ರಹಕಾರ್ಯ ಮತ್ತು ಎಸ್.ಎ. ಕೃಷ್ಣಯ್ಯ ಅವರ ಅಧ್ಯಯನ ಈ ಕಲೆಯ ಬಗೆಗಿನ ನಮ್ಮ ತಿಳಿವಳಿಕೆಗೆ ಮುಖ್ಯ ಆಧಾರಗಳು.

ಗೊಂಬೆಯ ರಚನೆಯನ್ನು ಕೈಯ ದೃಷ್ಟಿಯಿಂದ ನೋಡಬೇಕು. ಆಡಿನ ಅಥವಾ ಜಿಂಕೆಯ ತೊಗಲನ್ನು ನೆನೆಸಿ, ಕೂದಲು ಹೆರೆದು, ಎಳೆದು ಕಟ್ಟಿ ಒಣಗಿಸಿದರೆ ಬೆಳಕು ತೂರುವಷ್ಟು ತೆಳುವಾಗುತ್ತದೆ. ಅದರ ಮೇಲೆ ಆಕೃತಿ ಬರೆದು, ಕತ್ತರಿಸಿ, ಉಳಿಯಿಂದ ರಂಧ್ರ ಕೊರೆದು, ಎರಡೂ ಬದಿ ಬಣ್ಣ ಹಾಕುತ್ತಾರೆ. ದೇಹದ ನಡುವೆ ಸೀಳಿದ ಬಿದಿರ ಕಡ್ಡಿ. ಅದೇ ಗೊಂಬೆಯ ಬೆನ್ನೆಲುಬು. ಕೈ ಆಡಬೇಕಾದ ಗೊಂಬೆಗೆ ತೋಳು, ಮುಂಗೈ, ಹಸ್ತಗಳನ್ನು ಬೇರೆ ತುಂಡುಗಳಾಗಿ ಕತ್ತರಿಸಿ ಭುಜ, ಮೊಣಕೈ, ಮಣಿಕಟ್ಟುಗಳಲ್ಲಿ ದಾರದ ಗಂಟಿನಿಂದ ಪೋಣಿಸುತ್ತಾರೆ. ಗಂಟು ಬಿಗಿಯಾದರೆ ಕೈ ಮರಗಟ್ಟುತ್ತದೆ, ಸಡಿಲವಾದರೆ ಜೋಲಾಡುತ್ತದೆ. ಹಸ್ತಕ್ಕೆ ಸಣ್ಣ ಕಡ್ಡಿಯೊಂದನ್ನು ಕಟ್ಟಿದರೆ ಮುಗಿಯಿತು. ಆಡಿಸುವವನ ಒಂದು ಕೈ ನಡುಗಡ್ಡಿಯನ್ನು, ಇನ್ನೊಂದು ಕೈಗಡ್ಡಿಯನ್ನು ಹಿಡಿಯುತ್ತದೆ.

ಎಲ್ಲ ಗೊಂಬೆಗಳಿಗೂ ಕೈ ಆಡುವುದಿಲ್ಲ ಎಂಬುದು ಇಲ್ಲಿ ಬಹು ಮಹತ್ವದ ಸಂಗತಿ. ಕರ್ನಾಟಕದ ತೊಗಲು ಗೊಂಬೆಗಳಲ್ಲಿ ಗಣನೀಯ ಭಾಗ ಒಂದೇ ತೊಗಲಿನಲ್ಲಿ ಕತ್ತರಿಸಿದ ಅಖಂಡ ಚಿತ್ರಗಳು. ಗಣಪತಿ, ಪಟ್ಟಾಭಿಷೇಕದ ರಾಮ, ಹತ್ತು ತಲೆಯ ರಾವಣ ಮುಂತಾದ ಗೊಂಬೆಗಳು ಹಲವು ವೇಳೆ ಹೀಗೆಯೇ ಇರುತ್ತವೆ. ಕೈಗಳು ಹೆಚ್ಚಾದಷ್ಟೂ ಚಲನೆ ಕಡಿಮೆ. ರಾವಣನ ಇಪ್ಪತ್ತು ಕೈಗಳು ಬೀಸಣಿಗೆಯಂತೆ ಹರಡಿ ನಿಲ್ಲುತ್ತವೆಯೇ ಹೊರತು ಏನನ್ನೂ ಹೇಳುವುದಿಲ್ಲ. ನರ್ತಕಿಯ, ಹನುಮಂತನ ಗೊಂಬೆಗಳಿಗೆ ಕೀಲು ಹೆಚ್ಚು. ಎಲ್ಲಕ್ಕಿಂತ ಹೆಚ್ಚು ಕೀಲುಗಳಿರುವುದು ವಿದೂಷಕ ಕಿಳ್ಳೇಕ್ಯಾತನಿಗೆ. ಕಪ್ಪು ಮೈ, ಗುಂಗುರು ಕೂದಲು, ಡೊಳ್ಳು ಹೊಟ್ಟೆಯ ಈ ಪಾತ್ರ ತನ್ನ ಜೋಡಿ ಬಂಗಾರಕ್ಕನೊಡನೆ ಪರದೆಗೆ ಬಂದಾಗ ಅವನ ಕೈಗಳಿಗೆ ಲಂಗುಲಗಾಮಿರುವುದಿಲ್ಲ. ತಲೆ ಕೆರೆಯುತ್ತಾನೆ, ಹೆಂಡತಿಯನ್ನು ಬಡಿಯಲು ಹೋಗಿ ಬಡಿಸಿಕೊಳ್ಳುತ್ತಾನೆ, ದೊಡ್ಡವರ ನಡಿಗೆಯನ್ನು ಅಣಕಿಸುತ್ತಾನೆ. ದೈವತ್ವ ಹೆಚ್ಚಿದಂತೆ ಕೈ ಸ್ಥಿರವಾಗುತ್ತದೆ, ಮನುಷ್ಯತ್ವಕ್ಕೆ ಇಳಿದಂತೆ ಕೈ ಬಿಚ್ಚಿಕೊಳ್ಳುತ್ತದೆ. ಮಾಸ್ತಿಯ ಕೈ ಏಕೆ ಕದಲುವುದಿಲ್ಲ ಎಂಬುದಕ್ಕೂ ಇಲ್ಲಿ ಒಂದು ಸೂಚನೆಯಿದೆ: ಅವಳನ್ನು ದೈವವಾಗಿಸಿದ ಮೇಲೆ ಮನುಷ್ಯರ ಕೈಚಲನೆ ಅವಳಿಗೆ ಸಲ್ಲುವುದಿಲ್ಲ. ಸಮುದಾಯ ತನ್ನ ಹೆಸರನ್ನೇ ಹೊತ್ತ ಪಾತ್ರಕ್ಕೆ ಅತ್ಯಂತ ಸ್ವತಂತ್ರವಾದ ಕೈಗಳನ್ನು ಕೊಟ್ಟುಕೊಂಡದ್ದು ಆಕಸ್ಮಿಕವೆಂದು ತೋರುವುದಿಲ್ಲ.

ಬದಲಾಗದ ಮುಖದ ಗೊಂಬೆ ದುಃಖವನ್ನು ಹೇಗೆ ತೋರಿಸುತ್ತದೆ? ಅಶೋಕವನದ ಸೀತೆಯ ಸಂದರ್ಭವನ್ನು ತೆಗೆದುಕೊಳ್ಳಬಹುದು. ಆಡಿಸುವವನು ಹಸ್ತದ ಕಡ್ಡಿಯನ್ನು ನಿಧಾನವಾಗಿ ಎತ್ತಿ ಅಂಗೈಯನ್ನು ಹಣೆಯ ಬಳಿಗೆ ತರುತ್ತಾನೆ, ಅದೇ ವೇಳೆಗೆ ನಡುಗಡ್ಡಿಯನ್ನು ತುಸು ಮುಂದಕ್ಕೆ ವಾಲಿಸುತ್ತಾನೆ. ಕೈ ಮೇಲೆ ಹೋದುದಕ್ಕಿಂತ ತಲೆಯೇ ಕೈಯ ಮೇಲೆ ಕುಸಿದಂತೆ ಕಾಣುವುದು ಈ ಎರಡು ಚಲನೆಗಳ ಹೊಂದಾಣಿಕೆಯಿಂದ. ಅಳುವಿನ ಕಂಪನ ಬೇಕಾದಾಗ ಅವನ ಮಣಿಕಟ್ಟೇ ಕಂಪಿಸುತ್ತದೆ. ಆ ಕಂಪನ ಕಡ್ಡಿಯ ಮೂಲಕ ಹಾಯ್ದು ತೊಗಲಿನ ಹಸ್ತದಲ್ಲಿ ದೊಡ್ಡದಾಗಿ ಕಾಣುತ್ತದೆ. ಬೆಳಕಿನ ಪಾತ್ರವೂ ಇದೆ. ಹಸ್ತವನ್ನು ಪರದೆಗೆ ಒತ್ತಿದರೆ ಬಳೆ ಬೆರಳುಗಳ ರಂಧ್ರವಿನ್ಯಾಸ ಸ್ಪಷ್ಟವಾಗಿ ಮೂಡುತ್ತದೆ, ಹಿಂದಕ್ಕೆ ಎಳೆದರೆ ಮಸುಕಾಗಿ ದೊಡ್ಡದಾಗುತ್ತದೆ. ಹರಳೆಣ್ಣೆಯ ದೀಪದ ಕಾಲದಲ್ಲಿ ಜ್ವಾಲೆ ಅಲುಗಿದಂತೆ ನೆರಳೂ ಅಲುಗಿ ಕೈಗೆ ತಾನಾಗಿಯೇ ಉಸಿರು ಬರುತ್ತಿತ್ತು. ಗ್ಯಾಸ್‌ಲೈಟು, ಆಮೇಲೆ ವಿದ್ಯುತ್ ಬಲ್ಬು ಬಂದ ಮೇಲೆ ಬೆಳಕು ಸ್ಥಿರವಾಯಿತು. ಉಸಿರನ್ನೂ ಆಡಿಸುವವನ ಕೈಯೇ ಕೊಡಬೇಕಾಯಿತು.

ಮಾತಿನ ದೃಶ್ಯಗಳಲ್ಲಿ ಕೈಗೆ ಇನ್ನೊಂದು ಹೊಣೆ. ತುಟಿ ಅಲುಗದ ಗೊಂಬೆಗಳು ಎದುರುಬದುರು ನಿಂತಾಗ ಯಾರು ಮಾತನಾಡುತ್ತಿದ್ದಾರೆಂದು ತಿಳಿಯುವುದು ಕೈಯಿಂದ: ಮಾತಾಡುವವರ ಕೈ ಆಡುತ್ತದೆ, ಕೇಳುವವರ ಕೈ ನಿಲ್ಲುತ್ತದೆ. ಒಳ್ಳೆಯ ಮೇಳಗಳಲ್ಲಿ ಕೇಳುವವರ ಕೈಯೂ ಪೂರ್ತಿ ನಿಲ್ಲುವುದಿಲ್ಲ. ಎದುರಿನವರ ಮಾತು ಎಲ್ಲಿ ನಾಟಿತೋ ಅಲ್ಲಿ ಒಮ್ಮೆ ತಗ್ಗುತ್ತದೆ. ಧ್ವನಿ ಮತ್ತು ಕೈ ಯಾವಾಗಲೂ ಒಬ್ಬರದೇ ಆಗಿರುವುದಿಲ್ಲವೆಂಬುದನ್ನು ನೆನಪಿಡಬೇಕು. ಗಂಡಸು ಗೊಂಬೆ ಆಡಿಸುವಾಗ ಪಕ್ಕದಲ್ಲಿ ಕುಳಿತ ಮನೆಯ ಹೆಂಗಸು ಸ್ತ್ರೀಪಾತ್ರಗಳಿಗೆ ಹಾಡುತ್ತಾಳೆ, ಮಾತಾಡುತ್ತಾಳೆ. ಸೀತೆಯ ಅಳು ಅವಳದು, ಸೀತೆಯ ಕೈ ಅವನದು. ಎರಡೂ ಒಂದೇ ಗಳಿಗೆಗೆ ಪರದೆಯ ಮೇಲೆ ಕೂಡುವುದು ತಾಲೀಮಿಗಿಂತ ಒಟ್ಟಿಗೆ ಬದುಕಿದ ವರ್ಷಗಳ ಫಲ. ತುಂಗಭದ್ರೆಯ ಆಚೆ ದಡದ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ದೊರೆತಾಗ, ಪರದೆಯ ಹಿಂದೆ ಉಳಿದಿದ್ದ ಹೆಂಗಸರ ಈ ಪಾಲಿಗೆ ತಡವಾಗಿಯಾದರೂ ಮನ್ನಣೆ ಸಂದಿತು.

ಸಮುದಾಯದ ಹೊರಗಿನಿಂದ ಬಂದು ಈ ಕಲೆಗೆ ಹೊಸ ವಸ್ತುವನ್ನು ತಂದವರಲ್ಲಿ ಬಳ್ಳಾರಿಯ ಬೆಳಗಲ್ಲು ವೀರಣ್ಣನವರ ಹೆಸರು ಮೊದಲು ಬರುತ್ತದೆ. ರಂಗಭೂಮಿಯ ನಟರಾಗಿದ್ದ ಅವರು ತೊಗಲು ಗೊಂಬೆಗೆ ಹೊರಳಿ, ರಾಮಾಯಣದ ಜೊತೆಗೆ ಸ್ವಾತಂತ್ರ್ಯ ಹೋರಾಟದ ಕಥೆಯನ್ನೂ ಪರದೆಗೆ ತಂದರು. 2023ರಲ್ಲಿ ಅಪಘಾತದಲ್ಲಿ ನಿಧನರಾಗುವವರೆಗೂ ಅವರು ಇದರಲ್ಲಿ ತೊಡಗಿದ್ದರು. ಹೊಸ ವಸ್ತು ಕೈಯ ಸಮಸ್ಯೆಯನ್ನೂ ಹೊಸದಾಗಿ ಒಡ್ಡುತ್ತದೆ. ರಾಮನ ಕೈಯ ಬಿಲ್ಲು ಅವನ ಗುರುತು, ಭೀಮನಿಗೆ ಗದೆ. ಗಾಂಧಿಯ ಕೈಗೆ ಊರುಗೋಲು. ಆಯುಧವಿಲ್ಲದ ಈ ನಾಯಕನನ್ನು ಅಖಂಡ ಚಿತ್ರವಾಗಿ ಕತ್ತರಿಸಿದರೆ ದೇವರಾಗುತ್ತಾನೆ, ಕೈ ಹೆಚ್ಚು ಆಡಿಸಿದರೆ ಕಿಳ್ಳೇಕ್ಯಾತನ ಕಡೆಗೆ ವಾಲುತ್ತಾನೆ. ಪೌರಾಣಿಕ ವ್ಯಾಕರಣದಲ್ಲಿ ಇಲ್ಲದ ಮಧ್ಯಮ ಮಟ್ಟದ ಕೈಚಲನೆಯೊಂದನ್ನು ಇಂತಹ ಪ್ರಯೋಗಗಳು ಹುಡುಕಿಕೊಳ್ಳಬೇಕಾಯಿತು.

ಬಯಲಾಟದ ವಿಷಯ ಇಲ್ಲಿ ಸಂಕ್ಷೇಪವಾಗಿ ಸಾಕು. ದೊಡ್ಡಾಟದ ವೇಷಧಾರಿಯ ಮುಖ ದಪ್ಪ ಬಣ್ಣದಿಂದಲೂ ಕಿರೀಟದ ನೆರಳಿನಿಂದಲೂ ಅರ್ಧ ಮುಚ್ಚಿಹೋಗಿರುತ್ತದೆ. ದೂರದಲ್ಲಿ ಕುಳಿತ ಪ್ರೇಕ್ಷಕನಿಗೆ ವೀರ, ರೌದ್ರಗಳು ತಲಪುವುದು ತೋಳು ತಟ್ಟುವುದರಿಂದ, ತೊಡೆ ತಟ್ಟುವುದರಿಂದ, ಎತ್ತಿದ ಕತ್ತಿಯಿಂದ. ಮನುಷ್ಯನೇ ಇಲ್ಲಿ ಅರ್ಧ ಗೊಂಬೆಯಾಗಿರುತ್ತಾನೆ. ಮುಖಕ್ಕೆ ಮರಳಿ ಅಧಿಕಾರ ಕೊಟ್ಟದ್ದು ಬಳ್ಳಾರಿ ನಗರದ ಹವ್ಯಾಸಿ ರಂಗಭೂಮಿ. ಧರ್ಮವರಂ ರಾಮಕೃಷ್ಣಮಾಚಾರ್ಯರು (1853–1912) ಸರಸ ವಿನೋದಿನಿ ಸಭೆಯ ಮೂಲಕ, ಕೋಲಾಚಲಂ ಶ್ರೀನಿವಾಸರಾಯರು ಸುಮನೋರಮ ಸಭೆಯ ಮೂಲಕ ಕಟ್ಟಿದ ವೇದಿಕೆಯ ಮೇಲೆ ವಕೀಲ ವೃತ್ತಿಯ ಬಳ್ಳಾರಿ ರಾಘವ (1880–1946) ಸಹಜಾಭಿನಯವನ್ನು ಪ್ರತಿಪಾದಿಸಿದರು. ಕೃತಕ ಅಬ್ಬರವನ್ನು ಬಿಟ್ಟು ಮುಖ, ಕಣ್ಣು, ಧ್ವನಿಗಳಿಗೆ ಭಾವವನ್ನು ಒಪ್ಪಿಸುವ ಈ ಮಾರ್ಗದಲ್ಲಿ ಕೈಯ ಕೆಲಸ ಕಡಿಮೆಯಾಯಿತು. ಸ್ತ್ರೀಪಾತ್ರಗಳನ್ನು ಸ್ತ್ರೀಯರೇ ಮಾಡಬೇಕೆಂಬ ರಾಘವರ ನಿಲುವಿಗೂ ಇದಕ್ಕೂ ಒಳಸಂಬಂಧವಿದೆ: ಹೆಣ್ಣಿನ ಕೈಯನ್ನು ಇನ್ನೊಬ್ಬರು ಎತ್ತಿ ತೋರಿಸುವ ದೀರ್ಘ ಪರಂಪರೆಯ ನಡುವೆ, ಅವಳ ಕೈಯನ್ನು ಅವಳೇ ಎತ್ತಲಿ ಎಂಬ ಮಾತು ಅದು. ಆದರೆ ದೀಪಾಲಂಕೃತ ರಂಗಮಂದಿರದ ಮುಂದಿನ ಸಾಲುಗಳಿಂದ ಹುಟ್ಟಿದ ಅಭಿರುಚಿಯನ್ನೇ ಅಳತೆಗೋಲಾಗಿಸಿ ಬಯಲಿನ ಕೈಯನ್ನು ಒರಟೆಂದು ಕರೆದ ವಿಮರ್ಶೆ ನ್ಯಾಯವಾದದ್ದಲ್ಲ. ಬಯಲಿನಲ್ಲಿ ಕಣ್ಣಿನ ಭಾವ ಹತ್ತನೆಯ ಸಾಲಿಗೆ ತಲಪುವುದಿಲ್ಲ.

ಈ ವಿವೇಚನೆಯಿಂದ ಸಂಗ್ರಹಾಲಯಗಳ ಕೆಲಸಕ್ಕೆ ಸಂಬಂಧಿಸಿದ ಒಂದು ಅಂಶ ಹೊರಡುತ್ತದೆ. ತೊಗಲು ಗೊಂಬೆಯನ್ನು ಗಾಜಿನ ಹಿಂದೆ ಅಂಟಿಸಿ ನಿಲ್ಲಿಸಿದಾಗ, ಕೀಲಿರುವ ಗೊಂಬೆಯೂ ಅಖಂಡ ಗೊಂಬೆಯೂ ಒಂದೇ ಆಗಿಬಿಡುತ್ತವೆ. ಪಾತ್ರದ ಹೆಸರು, ಎತ್ತರ, ದೊರೆತ ಊರುಗಳ ಜೊತೆಗೆ ಎಷ್ಟು ಕೀಲು, ಗಂಟು ಯಾವ ಬಗೆಯದು, ಕೈಗಡ್ಡಿ ಎಡಗೈಗೋ ಬಲಗೈಗೋ ಎಂಬುದನ್ನೂ ದಾಖಲಿಸಿದಾಗ ಮಾತ್ರ ಆ ಗೊಂಬೆ ಏನನ್ನು ಹೇಳಬಲ್ಲದಾಗಿತ್ತು ಎಂಬುದು ಮುಂದಿನವರಿಗೆ ತಿಳಿಯುತ್ತದೆ. ಹಳೆಯ ಗೊಂಬೆಗಳಲ್ಲಿ ಮೊದಲು ಸವೆಯುವುದು ಹಸ್ತ. ಕಡ್ಡಿ ಕಟ್ಟಿದ ತೂತು ಹರಿದು, ಅದರ ಮೇಲೆ ತೊಗಲಿನ ತೇಪೆ ಹಾಕಿ, ತೇಪೆಯ ಪಕ್ಕದಲ್ಲಿ ಮತ್ತೊಂದು ತೂತು ಕೊರೆದಿರುತ್ತಾರೆ. ಆ ತೇಪೆಗಳನ್ನು ದೋಷವೆಂದು ಎಣಿಸಿ ಸಂರಕ್ಷಣೆಯ ಹೆಸರಿನಲ್ಲಿ ಸರಿಪಡಿಸುವ ಮೊದಲು ಅವುಗಳ ಛಾಯಾಚಿತ್ರ ತೆಗೆದಿಡುವುದು, ಯಾವ ಕೈಗೆ ಎಷ್ಟು ತೇಪೆ ಬಿದ್ದಿದೆ ಎಂದು ಬರೆದಿಡುವುದು ಅಗತ್ಯ. ಯಾವ ಪಾತ್ರದ ಕೈ ಹೆಚ್ಚು ಆಡಿತು, ಯಾವುದು ಆಡಲಿಲ್ಲ ಎಂಬುದರ ಲೆಕ್ಕ ಆ ತೂತುಗಳಲ್ಲಿಯೇ ಇದೆ.